ಪುಟದ ನಡುವೆ ಒಂದು ಬೆರಳು

ಪುಸ್ತಕ ಮುಚ್ಚುವುದರಲ್ಲೂ ಒಂದು ಸೊಗಸಿದೆ. ಪೂರ್ತಿ ಮುಚ್ಚಬಾರದು. ತೋರುಬೆರಳು ಪುಟಗಳ ನಡುವೆ ಉಳಿದಿರಬೇಕು, ರಟ್ಟು ಆ ಬೆರಳಿನ ಮೇಲೆ ಹಗುರವಾಗಿ ಒರಗಿರಬೇಕು. ಓದುತ್ತಿದ್ದವರ ಕಣ್ಣು ಪುಟದಿಂದೆದ್ದು, ಎದುರು ಕೂತ ಮಕ್ಕಳ ಮುಖಗಳ ಮೇಲೆ ನಿಧಾನವಾಗಿ ಒಂದು ಸುತ್ತು ಬರಬೇಕು. ಆ ಒಂದು ಸುತ್ತನ್ನು ನೋಡುವುದಕ್ಕೆಂದೇ ನಾನು ಶನಿವಾರಗಳಲ್ಲಿ ಹಾಸನದಿಂದ ಬೆಳಗಿನ ಮೊದಲ ಬಸ್ಸು ಹಿಡಿದಿದ್ದೇನೆ. ಮಂಡಿನೋವನ್ನು ಬದಿಗಿಟ್ಟು, ಪ್ರಾಥಮಿಕ ಶಾಲೆಯೊಂದರ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದೇನೆ. ಒಂದು ಸಲವಲ್ಲ, ಹನ್ನೊಂದೋ ಹನ್ನೆರಡೋ ಸಲ.

ಸಂಗೀತದ ಹುಚ್ಚಿನವರು ರಾಮನವಮಿಯ ಪೆಂಡಾಲುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಯಕ್ಷಗಾನದ ಹುಚ್ಚಿನವರು ಬಯಲಿನ ಇಬ್ಬನಿಯಲ್ಲಿ ಕಂಬಳಿ ಹೊದ್ದು ಬೆಳಗು ಮಾಡುತ್ತಾರೆ. ನನ್ನದು ಗಟ್ಟಿ ಓದಿನ ಹುಚ್ಚು. ಚೆನ್ನಾಗಿ ಓದಬಲ್ಲ ಮೇಷ್ಟ್ರು, ಕೇಳಬಲ್ಲ ಮಕ್ಕಳು, ನಡುವೆ ಒಂದು ಕಥೆ. ಇಷ್ಟು ಕೂಡಿದರೆ ನನಗೆ ಕಾಫಿಯೂ ಬೇಡ. ಸುಳ್ಳು ಹೇಳಬಾರದು, ಕಾಫಿ ಬೇಕು, ಆದರೆ ಆಮೇಲೆ.

ಈ ರುಚಿ ನನಗೆ ಹತ್ತಿದ್ದು ಅಜ್ಜನ ಮನೆಯ ಜಗುಲಿಯಲ್ಲಿ. ಶ್ರಾವಣದ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ಒಬ್ಬರು ಕುಮಾರವ್ಯಾಸನನ್ನು ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಓದುವವರು ಒಂದು ಪದ್ಯ ಮುಗಿಸಿ ನಿಲ್ಲುತ್ತಿದ್ದರಲ್ಲ, ಆ ನಿಲುಗಡೆಯಲ್ಲಿ ಜಗುಲಿಯ ಹೆಂಗಸರು, ಗಂಡಸರು, ಅರೆನಿದ್ದೆಯ ಹುಡುಗರು ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಿದ್ದರು. ‘ಧರ್ಮರಾಯ ಆ ಪಗಡೆಗೆ ಹೋಗಲೇಬಾರದಿತ್ತು ಕಣ್ರೀ’ ಎಂದು ಯಾರೋ ಗೊಣಗುವರು. ಅದಕ್ಕೆ ಇನ್ಯಾರೋ ಎದುರಾಡುವರು. ಗಮಕಿ ನಗುತ್ತ ಮುಂದಿನ ಪದ್ಯಕ್ಕೆ ಶ್ರುತಿ ಹಿಡಿಯುವರು. ಶಿವಮೊಗ್ಗೆಯ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನನಗೆ ನೆನಪಾದದ್ದು ಆ ಜಗುಲಿಯ ಉಸಿರು. ಓದು, ನಿಲ್ಲು, ಮಾತಾಡು, ಮತ್ತೆ ಓದು. ನಮ್ಮ ಹಿರಿಯರು ಬದುಕುವ ಜಾಣ್ಮೆಯನ್ನು ಮಕ್ಕಳಿಗೆ ಬಡಿಸುತ್ತಿದ್ದುದು ಈ ಕ್ರಮದಲ್ಲೇ. ಅದಕ್ಕೊಂದು ಹೆಸರು ಮಾತ್ರ ಇಟ್ಟಿರಲಿಲ್ಲ.

ಈಗ ಹೆಸರಿದೆ. ನಾನು ಹೋಗುವ ಶಾಲೆಯ ಗೋಡೆಯ ಮೇಲೆ ‘ಜೀವನ ಕೌಶಲಗಳು’ ಎಂಬ ನೀಲಿ ಅಂಚಿನ ಪಟ್ಟಿ ತೂಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೇಳಿದ ಹತ್ತು ಕೌಶಲಗಳು ಅದರಲ್ಲಿವೆ: ತನ್ನನ್ನು ತಾನು ಅರಿಯುವುದು, ಪರಾನುಭೂತಿ, ಒಳ್ಳೆಯ ಸಂವಹನ, ಪರಸ್ಪರ ಸಂಬಂಧ, ನಿರ್ಧಾರ, ಸಮಸ್ಯೆ ಬಿಡಿಸುವುದು, ವಿಮರ್ಶೆಯ ಚಿಂತನೆ, ಸೃಜನಶೀಲ ಚಿಂತನೆ, ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ನಿಭಾಯಿಸುವುದು. ಒಳ್ಳೆಯ ಪಟ್ಟಿಯೇ. ಆದರೆ ಓದಿದರೆ ಸ್ವಲ್ಪ ಸುತ್ತೋಲೆಯ ವಾಸನೆ ಹೊಡೆಯುತ್ತದೆ. ಹೋಳಿಗೆ ತಿನ್ನುವಾಗ ಬೇಳೆ ಇಷ್ಟು, ಬೆಲ್ಲ ಇಷ್ಟು, ಏಲಕ್ಕಿ ಇಷ್ಟು ಎಂದು ಚೀಟಿ ಓದಿದಂತೆ. ಬನ್ನಿ, ಹೋಳಿಗೆಯ ಹತ್ತಿರವೇ ಹೋಗೋಣ.

ಶಾಲೆ ಇರುವುದು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ. ಎರಡು ಕೋಣೆ, ಒಂದು ಜಗುಲಿ, ಅಂಗಳದಲ್ಲೊಂದು ದೊಡ್ಡ ಹುಣಸೆಮರ. ಓದು ನಡೆಯುವುದು ನಲಿ-ಕಲಿ ಕೋಣೆಯಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ತಲೆಯ ಮೇಲೆ ದಾರದ ಚಪ್ಪರ. ಅದರ ತುಂಬ ಮಕ್ಕಳು ಕತ್ತರಿಸಿ ಅಂಟಿಸಿದ ಕಾಗದದ ಮೀನು, ಮಾವು, ಮೂರು ಕಾಲಿನ ಆನೆ. ಗಾಳಿ ಬಂದರೆ ಇಡೀ ಚಪ್ಪರ ಪಿಸುಗುಡುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಕಾರ್ಡು ಪದ್ಧತಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ತಮ್ಮ ತಾಲ್ಲೂಕಿನ ಮಕ್ಕಳಿಗೆ ಒಗ್ಗುವಂತೆ ಕಟ್ಟಿದ ಕ್ರಮ ಇದು. ಅದರಲ್ಲಿ ನನ್ನ ಮನಸ್ಸು ಗೆದ್ದದ್ದು ಎರಡೇ ಎರಡು. ಒಂದು, ಮೇಷ್ಟ್ರೂ ನೆಲದ ಮೇಲೆ ಕೂರುವುದು. ಇನ್ನೊಂದು, ಗೋಡೆಯ ಕೆಳಭಾಗಕ್ಕೆ ಬಳಿದ ಕಪ್ಪು ಹಲಗೆ. ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಅಕ್ಷರ ಇರಬೇಕೆಂದು ಯಾರಿಗೋ ಹೊಳೆಯಿತಲ್ಲ, ಆ ಹೊಳಹಿಗೆ ನಮಸ್ಕಾರ.

ಶನಿವಾರ ಬೆಳಗಿನ ಶಾಲೆ. ಒಂದರಿಂದ ಐದರವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒತ್ತೊತ್ತಾಗಿ. ಎಣ್ಣೆ ಹಚ್ಚಿ ಬಿಗಿದ ಜಡೆಗಳು, ಒದ್ದೆ ಬಾಚಿದ ಕ್ರಾಪುಗಳು. ಮೇಡಂ ಬಂದು ಕೂತು ಸೆರಗು ಸರಿಮಾಡಿಕೊಂಡು ಪುಸ್ತಕ ತೆರೆಯುತ್ತಾರೆ. ಸದ್ದು ಮಾಡಬೇಡಿ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ‘ದಿವಾಸ್ವಪ್ನ’ದಲ್ಲಿ ಬರೆದಿಟ್ಟ ಗುಟ್ಟು ಅವರಿಗೆ ಗೊತ್ತು. ಗದ್ದಲದ ತರಗತಿ ಅಪ್ಪಣೆಗೆ ಮಣಿಯುವುದಿಲ್ಲ, ಕಥೆಗೆ ಮಣಿಯುತ್ತದೆ.

ಆ ದಿನ ಗೋವಿನ ಹಾಡು. ಕನ್ನಡದ ಮಕ್ಕಳಿಗೆ ಹಾಲಿನ ಜೊತೆಗೇ ಬರುವ ಕಥೆ. ಕಾಳಿಂಗನೆಂಬ ಗೊಲ್ಲ, ಪುಣ್ಯಕೋಟಿಯೆಂಬ ಹಸು, ಅರ್ಬುತನೆಂಬ ಹುಲಿ. ಇದನ್ನು ನಾನು ನೂರು ಸಲ ಕೇಳಿದ್ದೇನೆ. ನೂರೊಂದನೆಯ ಸಲ ಮೈ ಜುಮ್ಮೆಂದದ್ದು ಈ ಮೇಡಂ ಓದಿದಾಗ. ಅವರು ರಾಗ ಎಳೆಯುವುದಿಲ್ಲ. ಆ ಹಾಡಿನ ನಡಿಗೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು. ಕುಮಾರವ್ಯಾಸನ ಭಾಮಿನಿಯ ಸಾಲುಗಳದ್ದೂ ಇದೇ ಹೆಜ್ಜೆ. ಹೊಟ್ಟೆ ತುಂಬ ಮೇದು, ಕೆಚ್ಚಲು ಭಾರವಾಗಿ, ಸಂಜೆಯ ಹಾದಿಯಲ್ಲಿ ಮನೆಗೆ ನಡೆಯುವ ಹಸುವಿನ ಹೆಜ್ಜೆ. ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು. ಹುಲಿ ಅಡ್ಡ ಬಂದಾಗ ಮೇಡಂ ದನಿ ಏರಿಸಲಿಲ್ಲ, ಇಳಿಸಿದರು. ಹಿಂದಿನ ಸಾಲಿನ ಮಕ್ಕಳು ಕತ್ತು ಮುಂದೆ ಚಾಚಿದರು. ನಾನೂ ಚಾಚಿದೆ.

ಹಸು ಬೇಡಿಕೊಂಡಿತು. ಕರುವಿಗೆ ಹಾಲು ಕೊಟ್ಟು ಬರುತ್ತೇನೆ, ಬಿಡು ಎಂದಿತು.

ಮೇಡಂ ಪುಸ್ತಕ ಮುಚ್ಚಿದರು. ಬೆರಳು ಒಳಗೆ.

ಚಪ್ಪರದ ಕಾಗದದ ಮೀನುಗಳು ಒಂದು ಸಲ ಪಿಸುಗುಟ್ಟಿ ಸುಮ್ಮನಾದವು. ಆ ಮೌನ ಎಷ್ಟು ಹೊತ್ತು ಇತ್ತೆಂದು ನಾನು ಎಣಿಸಲಿಲ್ಲ. ಹದವಾಗಿ ಕುದಿದ ಹಾಲು ಪಾತ್ರೆಯ ಅಂಚಿಗೆ ಬಂದು, ಉಕ್ಕದೆ, ಅಲ್ಲೇ ತೂಗುತ್ತ ನಿಲ್ಲುತ್ತದಲ್ಲ, ಹಾಗಿತ್ತು. ಆಮೇಲೆ ಒಬ್ಬ ಹುಡುಗನ ಬಾಯಿಂದ ಜಾರಿತು: ‘ಬಿಡಲ್ಲ ಮಿಸ್, ಹುಲಿ ಬಿಡಲ್ಲ.’

‘ಬಿಡ್ತದೆ.’

‘ನೀನಾಗಿದ್ರೆ ಬಿಡ್ತಿದ್ಯಾ?’

ಮೇಡಂ ತೀರ್ಪು ಕೊಡಲಿಲ್ಲ. ಎರಡು ತಗಡಿನ ಡಬ್ಬಿ ತಂದಿಟ್ಟರು, ಒಂದಕ್ಕೆ ಹಸುವಿನ ಚಿತ್ರ, ಒಂದಕ್ಕೆ ಹುಲಿಯದ್ದು. ಪ್ರತಿ ಮಗುವಿನ ಅಂಗೈಗೆ ಒಂದೊಂದು ಹುಣಸೆ ಬೀಜ. ಅಂಗಳದ ಮರದ್ದೇ, ಉಜ್ಜಿ ಉಜ್ಜಿ ಕನ್ನಡಿಯಂತಾದವು. ಹುಲಿ ಬಿಡಬೇಕು ಅನ್ನುವವರು ಹಸುವಿನ ಡಬ್ಬಿಗೆ, ಬಿಡಬಾರದು ಅನ್ನುವವರು ಹುಲಿಯ ಡಬ್ಬಿಗೆ. ಹಾಕುವ ಮುಂಚೆ ‘ಯಾಕೆ’ ಅಂತ ಒಂದು ಮಾತು. ಟಣ್, ಟಣ್ ಎಂದು ಬೀಜ ಬೀಳುವ ಸದ್ದು ನನಗೆ ಜಲತರಂಗಕ್ಕಿಂತ ಇಂಪಾಗಿ ಕೇಳಿತು. ‘ಹುಲಿಗೂ ಹಸಿವು ಮಿಸ್, ಅದು ಹುಲ್ಲು ತಿನ್ನಕ್ಕಾಗುತ್ತಾ?’ ಎಂದು ಒಬ್ಬ ಹುಲಿಯ ಡಬ್ಬಿಗೆ ಹಾಕಿದ. ಎಂಥ ಮಾತು! ನಾನು ಐವತ್ತು ವರ್ಷ ಆ ಹುಲಿಯನ್ನು ಕೇಡಿಗನೆಂದೇ ನೋಡಿಕೊಂಡು ಬಂದವನು. ಅವನ ಮಾತು ಕೇಳಿದ ಮೇಲೆ ಇಬ್ಬರು ಬಂದು, ಆಗಲೇ ಹಾಕಿದ್ದ ತಮ್ಮ ಬೀಜ ವಾಪಸು ಕೇಳಿದರು. ಮೇಡಂ ಡಬ್ಬಿ ಬಗ್ಗಿಸಿ ತೆಗೆದುಕೊಟ್ಟರು. ತಪ್ಪಿಲ್ಲ, ಮನಸ್ಸು ಬದಲಾಯಿಸಬಹುದು. ದೊಡ್ಡವರ ಯಾವ ಸಭೆಯಲ್ಲೂ ಇಷ್ಟು ಸಲೀಸಾಗಿ ಮತ ಬದಲಾದದ್ದನ್ನು ನಾನು ಕಂಡಿಲ್ಲ.

ಎರಡು ಜಡೆಯ ಒಬ್ಬಳು ಹುಡುಗಿ ಮಾತ್ರ ಬೀಜವನ್ನು ಮುಷ್ಟಿಯಲ್ಲೇ ಹಿಡಿದು ನಿಂತಿದ್ದಳು. ‘ಇನ್ನೂ ಯೋಚ್ನೆ ಮಾಡ್ತಿದೀನಿ ಮಿಸ್.’ ಆಗಲಿ, ಇಟ್ಟುಕೋ ಎಂದರು ಮೇಡಂ. ಅವಳು ಅದನ್ನು ಲಂಗದ ಜೇಬಿನಲ್ಲಿ ಮನೆಗೆ ಒಯ್ದಳು. ಮುಂದಿನ ಶನಿವಾರ ತಂದು, ಯಾರೂ ಕೇಳದಿದ್ದರೂ, ಹಸುವಿನ ಡಬ್ಬಿಗೆ ಹಾಕಿದಳಂತೆ. ಕಾರಣ ಹೇಳಲಿಲ್ಲವಂತೆ. ಮೇಡಂ ಕೇಳಲೂ ಇಲ್ಲ.

ಅದೇ ಕೋಣೆಯ ಮೂಲೆಯಲ್ಲಿ ಒಂದು ಕೈ ಮುರಿದ ಮರದ ಕುರ್ಚಿ ಇದೆ. ಮಕ್ಕಳು ಅದನ್ನು ಹುಲಿ ಕುರ್ಚಿ ಅನ್ನುತ್ತಾರೆ. ಕಥೆ ಮುಗಿದ ಮೇಲೆ ಅದರಲ್ಲಿ ಕೂತವರು ಅರ್ಬುತ. ಉಳಿದವರು ಏನು ಬೇಕಾದರೂ ಕೇಳಬಹುದು. ಕುರ್ಚಿಯಲ್ಲಿ ಇರುವಷ್ಟು ಹೊತ್ತು ಹುಲಿಯಾಗಿಯೇ ಉತ್ತರ ಕೊಡಬೇಕು. ಆ ದಿನ ಏರಿದವನು ಶಾಲೆಯಲ್ಲೇ ಅತಿ ಚೂಟಿ ಎನಿಸಿಕೊಂಡ ಐದನೆಯ ತರಗತಿಯ ಹುಡುಗ. ಗುರ್ ಎಂದು ಒಂದು ಸಲ ಘರ್ಜಿಸಿ ಕೂತ.

‘ಜಿಂಕೆ ಯಾಕೆ ಹಿಡೀಲಿಲ್ಲ?’

‘ಸಿಕ್ಲಿಲ್ಲ.’

‘ಹಸು ಸುಳ್ಳು ಹೇಳಿ ಓಡೋಗಿದ್ರೆ ಏನ್ಮಾಡ್ತಿದ್ದೆ?’

ಹುಡುಗ ಕಾಲು ಆಡಿಸುವುದನ್ನು ನಿಲ್ಲಿಸಿದ. ಉಗುರಿನಿಂದ ಕುರ್ಚಿಯ ಬಣ್ಣ ಕೆರೆದ. ‘ಇನ್ನೊಂದಿನ ಹಸ್ಕೊಂಡಿರ್ತಿದ್ದೆ’ ಎಂದ.

ಆಗ ಒಂದನೆಯ ತರಗತಿಯ ಪುಟ್ಟದೊಂದು, ಮುಂದಿನ ಹಲ್ಲು ಬಿದ್ದದ್ದು, ಎದ್ದು ನಿಂತು ಕೇಳಿತು: ‘ನಿಂಗೆ ಅಮ್ಮ ಇಲ್ವಾ?’

ಹುಲಿ ತಲೆ ತಗ್ಗಿಸಿತು. ‘ಮಿಸ್, ನಂಗೆ ಈ ಕುರ್ಚಿ ಸಾಕು’ ಎಂದು ಇಳಿದು ಬಂದು ಗೆಳೆಯರ ನಡುವೆ ತೂರಿಕೊಂಡಿತು.

ಗೋಡೆಯ ಪಟ್ಟಿಯಲ್ಲಿ ಇದಕ್ಕೆ ಪರಾನುಭೂತಿ ಎಂದು ಹೆಸರು. ‘ಅಯ್ಯೋ ಪಾಪ’ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಪಾಪ ಅನ್ನುವುದು ದಡದ ಮೇಲೆ ನಿಂತು, ಇದು ನೀರಿಗಿಳಿದು. ಆ ಹುಡುಗ ಅರೆಗಳಿಗೆ ಇಳಿದಿದ್ದ, ತಣ್ಣಗಾಯಿತು, ಎದ್ದು ಬಂದ. ನಮ್ಮ ಹೆಂಗಸರ ಮಾತಿನಲ್ಲಿ ‘ಕರುಳು ಚುರ್ ಅಂತು’. ನಾನಾಗಿದ್ದರೆ ಪಟ್ಟಿಯಲ್ಲಿ ಅದನ್ನೇ ಬರೆಸುತ್ತಿದ್ದೆ.

ಇನ್ನೊಂದು ಶನಿವಾರದ ರುಚಿ ಬೇರೆ. ಅದು ಮೆಣಸಿನ ಸಾರು! ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷಿನ ಬ್ರೌನಿಂಗ್ ಜರ್ಮನಿಯ ಹ್ಯಾಮ್ಲಿನ್ ಊರಿನ ಕಥೆಯನ್ನು ಪದ್ಯ ಮಾಡಿದ್ದ. ಕುವೆಂಪು ಆ ಊರನ್ನೇ ಎತ್ತಿ ತುಂಗೆಯ ದಡದಲ್ಲಿಟ್ಟರು, ಕೊಳಲೂದುವವನ ಕೈಗೆ ತಂತಿಯ ಕಿಂದರಿ ಕೊಟ್ಟು, ಗಡ್ಡ ಬಿಟ್ಟ ಜೋಗಿ ಮಾಡಿದರು. ಇದು ಅನುವಾದವಲ್ಲ, ಕಸಿ. ಹಣ್ಣಿನ ರುಚಿ ಪೂರ್ತಿ ಮಲೆನಾಡಿನದು. ಇದನ್ನು ಒಬ್ಬರೇ ಓದಿದರೆ ಅರ್ಧ ಮಜವೂ ಇಲ್ಲ. ಮೇಡಂ ಇಡೀ ತರಗತಿಗೆ ಹಂಚುತ್ತಾರೆ. ಜೋಗಿ ಒಬ್ಬ, ಊರ ಗೌಡ ಒಬ್ಬ, ಊರಿನ ಜನ ನಾಲ್ವರು, ಉಳಿದ ಅಷ್ಟೂ ಮಕ್ಕಳು ಇಲಿಗಳು. ಇಲಿಗಳ ಬಂಧುಬಳಗವೆಲ್ಲ ಮೆರವಣಿಗೆ ಹೊರಡುವ ಸಾಲುಗಳು ಬಂದಾಗ ಹೆಂಚು ಹಾರಿಹೋಗುತ್ತದೇನೋ ಅನಿಸಿತು. ಕವಿಯ ಇಲಿಗಳು ಸಾಲದೆಂದು ಒಂದು ಮಗು ‘ಬಿಸಿಯೂಟದ ಇಲಿ’ಯನ್ನೂ ಸೇರಿಸಿತು. ಕುವೆಂಪು ಇದ್ದಿದ್ದರೆ ನಗುತ್ತಿದ್ದರು.

ಆ ಇಲಿಗಳಲ್ಲಿ ಒಬ್ಬ ತೊದಲುವ ಹುಡುಗ. ಹಾಜರಿ ಕೂಗುವಾಗ ‘ಬಂದೆ’ ಎನ್ನುವುದಕ್ಕೂ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಇಲಿಗಳ ಗುಂಪಿನೊಳಗೆ ಅವನ ತುಟಿ ನೋಡುತ್ತ ಕೂತೆ. ಒಂದು ಸಾಲೂ ಎಡವಲಿಲ್ಲ! ನೀರು ಹರಿದಂತೆ ಹರಿಯಿತು. ಒಕ್ಕೊರಲಿನಲ್ಲಿ ಓದುವಾಗ ತೊದಲು ಕರಗುತ್ತದೆ ಎಂಬುದು ವಾಕ್ ಚಿಕಿತ್ಸೆಯವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಗುಂಪು ಬಿಟ್ಟರೆ ಮತ್ತೆ ಬರುತ್ತದೆ, ಅದೂ ನಿಜ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಎಂದು ಮೇಡಂ ಅವನ ತಂದೆಗೆ ಹೇಳಿಯಾಗಿತ್ತು. ಅದು ಅದರ ಪಾಡಿಗೆ. ನನಗೆ ಬೇಕಾಗಿದ್ದು ಆ ಹುಡುಗನ ಮುಖ. ತನ್ನ ಬಾಯಿಂದ ಮಾತು ಇಷ್ಟು ಸರಾಗವಾಗಿ ಬಂದದ್ದನ್ನು ತಾನೇ ಕೇಳಿಸಿಕೊಂಡು, ಅದನ್ನು ಯಾರಿಗೂ ತೋರಿಸದೆ ಒಳಗೇ ಸವಿಯುತ್ತಿದ್ದ ಮುಖ. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಕೆನ್ನೆ ಉಬ್ಬದಂತೆ ಬಚ್ಚಿಡುವ ಹಾಗೆ.

ಗೌಡ ಕೊಟ್ಟ ಮಾತು ಮುರಿದ. ಜೋಗಿ ಈ ಸಲ ಮಕ್ಕಳನ್ನೇ ಕರೆದೊಯ್ದ. ಬೆಟ್ಟ ಬಾಯಿ ತೆರೆಯಿತು. ಓಡಲಾಗದ ಕುಂಟ ಹುಡುಗನೊಬ್ಬ ಹಿಂದುಳಿದ. ಮೇಡಂ ಅಲ್ಲಿ ಬೆರಳಿಟ್ಟರು. ನಾನು ಗೌಡನ ಮೇಲೆ ಪ್ರಶ್ನೆ ಬರುತ್ತದೆ, ಮಾತಿಗೆ ತಪ್ಪಬಾರದು ಎಂಬಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಅವರು ಕೇಳಿದ್ದು: ‘ಆ ಹುಡುಗ ಸಾಯಂಕಾಲ ಯಾರ ಜೊತೆ ಆಡಿದ?’

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ನಾನು ಇವತ್ತಿಗೂ ಬೆರಗಾಗುತ್ತೇನೆ. ಊರಿನಲ್ಲಿ ಒಂದೂ ಮಗುವಿಲ್ಲದ ಸಂಜೆ. ಗೋಲಿಗಳಿವೆ, ಆಡುವವರಿಲ್ಲ. ಅವನ ಅಮ್ಮನಿಗೆ ಮಾತ್ರ ಮಗ ಉಳಿದಿದ್ದಾನೆ. ಪಕ್ಕದ ಮನೆಯವಳು ಅವನನ್ನು ಹೇಗೆ ನೋಡಿರಬೇಕು? ಮಕ್ಕಳು ಒಂದೊಂದಾಗಿ ಇವನ್ನೆಲ್ಲ ತೆಗೆದರು. ‘ಎಲ್ಲರ ಮನೇಲೂ ಅವನಿಗೇ ಊಟ ಹಾಕ್ತಾರೆ ಮಿಸ್’ ಎಂದಳು ಒಬ್ಬಳು. ನನ್ನ ಕನ್ನಡಕ ಮಂಜಾಯಿತು. ಮಳೆಗಾಲವಲ್ಲ ಅದು.

ಜೋಡಿ ಓದಿನ ಬಗ್ಗೆ ಹೇಳದೆ ಹೋದರೆ ಪಾಪ ಬರುತ್ತದೆ. ಐದನೆಯ ತರಗತಿಯ ಮಗು, ಎರಡನೆಯ ತರಗತಿಯ ಮಗು, ಒಂದು ಚಾಪೆಯ ತುಂಡು, ಒಂದು ಪುಸ್ತಕ. ಚಿಕ್ಕದರ ಬೆರಳು ಅಕ್ಷರದ ಕೆಳಗೆ ಇರುವೆಯಂತೆ ಸರಿಯುತ್ತದೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತದೆ. ದೊಡ್ಡದಕ್ಕೆ ಉತ್ತರ ಗೊತ್ತು, ನಾಲಗೆಯ ತುದಿಯಲ್ಲೇ ಇದೆ. ಹೇಳಿಬಿಡಬಾರದು, ಮನಸ್ಸಿನೊಳಗೆ ಐದು ಎಣಿಸಬೇಕು. ಇದೊಂದೇ ನಿಯಮ. ಆ ಐದು ಎಣಿಸುವಾಗಿನ ದೊಡ್ಡ ಮಗುವಿನ ಮುಖವನ್ನು ನೀವು ನೋಡಬೇಕು. ತುಟಿ ಕಚ್ಚಿ, ಕಣ್ಣು ಅರಳಿಸಿ, ಅಕ್ಷರವನ್ನು ಆಚೆಯಿಂದ ತಳ್ಳುತ್ತಿರುವಂತೆ. ಕೊನೆಗೆ ಚಿಕ್ಕದರ ಬಾಯಿಂದ ‘ಕ್ಷ’ ಹೊರಬಿದ್ದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಾರೆ. ಮನೆಯಲ್ಲಿ, ಕಚೇರಿಯಲ್ಲಿ, ಟಿ.ವಿ. ಚರ್ಚೆಯಲ್ಲಿ ಇನ್ನೊಬ್ಬರ ಮಾತು ಮುಗಿಯುವವರೆಗೆ ಐದು ಎಣಿಸುವವರು ಎಷ್ಟು ಜನ ಸಿಕ್ಕಾರು? ಬಿಡಿ.

ತಿಂಗಳ ಕೊನೆಯ ಶನಿವಾರ ಪುಸ್ತಕವಿಲ್ಲ. ಮನೆಯಲ್ಲಿ ಸಿಕ್ಕ ಅಚ್ಚಿನ ಅಕ್ಷರ ಯಾವುದಾದರೂ ಸರಿ, ತರಬೇಕು. ಚಾಪೆಯ ಮೇಲೆ ಅದನ್ನೆಲ್ಲ ಹರವಿದರೆ ಸಂತೆಯ ಸೊಬಗು. ನಂದಿನಿ ಹಾಲಿನ ಪ್ಯಾಕೆಟ್ಟು, ಲೈಟ್ ಬಿಲ್ಲು, ರಾಗಿ ಬಿತ್ತನೆ ಬೀಜದ ಚೀಲ, ಬಸ್ ಟಿಕೇಟು, ಅರಿಶಿನ ಹಚ್ಚಿದ ಮದುವೆ ಕರೆಯೋಲೆ. ಕರೆಯೋಲೆಯ ಗದ್ಯ ನನಗೆ ಬಲು ಇಷ್ಟ. ಸಕುಟುಂಬ ಸಪರಿವಾರ ಎಂದು ಬಾಯಿ ತುಂಬ ಕರೆಯುವ ಗದ್ಯ ಇನ್ನೆಲ್ಲಿದೆ? ಅದನ್ನು ಓದುತ್ತ ಮಕ್ಕಳು ಮುಹೂರ್ತ ಎಷ್ಟು ಗಂಟೆಗೆ, ಛತ್ರ ಯಾವ ಊರಲ್ಲಿ, ಯಾವ ಬಸ್ಸಿಗೆ ಹೊರಟರೆ ಊಟಕ್ಕೆ ತಲುಪಬಹುದು ಎಂದು ಲೆಕ್ಕ ಹಾಕಿದರು. ಊಟಕ್ಕೇ, ಮುಹೂರ್ತಕ್ಕಲ್ಲ! ಓಆರ್‌ಎಸ್ ಪೊಟ್ಟಣದ ಬೆನ್ನಿನ ಸಣ್ಣ ಅಕ್ಷರವನ್ನು ಇಬ್ಬರು ಓದಿ ಹೇಳಿದರು, ಇನ್ನಿಬ್ಬರು ಕುದಿಸಿ ಆರಿಸಿದ ನೀರನ್ನು ಒಂದು ಲೀಟರ್ ಅಳೆದು ಕಲಸಿದರು. ಅರ್ಧ ಪೊಟ್ಟಣ ಸಾಕಲ್ಲವೇ ಎಂದು ನಾನು ಪರೀಕ್ಷೆಗೆಂದು ಕೇಳಿದೆ. ‘ಇಲ್ಲ ಸಾರ್, ಪೂರ್ತಿ ಅಂತ ಬರ್ದಿದೆ’ ಎಂದು ಒಂದು ಸಣ್ಣ ಉಗುರು ಆ ಸಾಲಿನ ಕೆಳಗೆ ಗೆರೆ ಎಳೆಯಿತು.

ಅಲ್ಲೇ ಒಬ್ಬ ಹುಡುಗ ಎದ್ದು, ನಮ್ಮಪ್ಪ ಟೊಮೇಟೊಗೆ ಹೊಡೆಯುವ ಔಷಧಿ ಬಾಟಲಿ ಮೇಲೆ ಕೆಂಪು ಬಣ್ಣದ ಗುರುತಿದೆ, ಏನದು ಎಂದ. ಬಾಟಲಿ ತಂದಿರಲಿಲ್ಲ, ಪುಣ್ಯಕ್ಕೆ. ಮೇಡಂ ಕಪ್ಪು ಹಲಗೆಯ ಮೇಲೆ ಮೂಲೆ ಮೇಲಾಗಿ ನಿಂತ ಚೌಕ ಬರೆದರು, ಅಡ್ಡ ಗೆರೆ ಎಳೆದು ಕೆಳಗಿನ ತ್ರಿಕೋನಕ್ಕೆ ಬಣ್ಣದ ಸೀಮೆಸುಣ್ಣ ತುಂಬಿದರು. ಕೆಂಪೆಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ತುಸು ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೆಂದರೂ ವಿಷವೇ. ಮಕ್ಕಳು ಅದನ್ನು ಪಟ್ಟಿಯಂತೆ ಒಪ್ಪಿಸಲಿಲ್ಲ, ಕಥೆಯಂತೆ ಕೇಳಿದರು. ‘ನಮ್ಮನೇಲಿ ಅದನ್ನ ಒಲೆ ಪಕ್ಕ ಇಟ್ಟವ್ರೆ’ ಎಂದ ಆ ಹುಡುಗ. ಸೋಮವಾರದ ಹೊತ್ತಿಗೆ ಅದು ದನದ ಕೊಟ್ಟಿಗೆಯ ಆಚೆ, ಬೀಗ ಹಾಕಿದ ಪೆಟ್ಟಿಗೆಗೆ ಹೋಗಿತ್ತಂತೆ.

ಇಷ್ಟೆಲ್ಲ ಸವಿದವನಿಗೆ ತಾನೂ ಒಂದು ಕೈ ನೋಡೋಣ ಅನಿಸುವುದು ಸಹಜ. ಅಡುಗೆ ಹೊಗಳುವವರೆಲ್ಲ ಅಡುಗೆ ಮಾಡಬಲ್ಲರೇ? ಮೇಡಂ ಒಂದು ಶನಿವಾರ ಪುಸ್ತಕ ನನ್ನ ಕೈಗಿತ್ತರು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ ಹಳೆಯ ಸಂಪುಟ. ಬೆನ್ನಿಗೆ ಬಟ್ಟೆ ಅಂಟಿಸಿದ್ದು, ಮೂಲೆಗಳು ಎಷ್ಟೋ ಬೆರಳುಗಳಿಗೆ ಸವೆದು ದುಂಡಗಾದದ್ದು. ನಾನು ದನಿ ಸರಿಮಾಡಿಕೊಂಡು ಶುರುಮಾಡಿದೆ. ಚೆನ್ನಾಗಿಯೇ ಓದಿದೆ ಎಂದು ನನ್ನ ನಂಬಿಕೆ. ಕಥೆ ಮುಗಿಯಿತು. ಮುಗಿದ ಮೇಲಾದರೂ ಸುಮ್ಮನಿರಬೇಕಿತ್ತು. ಇದರಿಂದ ನಾವು ಏನು ತಿಳಿಯಬೇಕು ಮಕ್ಕಳೇ ಎಂದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಅವರು ಹೇಳುವ ಮೊದಲೇ ನಾನೇ ಹೇಳಿದೆ. ಒಂದಲ್ಲ, ಮೂರು ನೀತಿ. ಕಿಟಕಿಯ ಮೇಲೆ ಕಾಗೆಯೊಂದು ಬಂದು ಕೂತಿತು. ಅಷ್ಟೂ ಕಣ್ಣುಗಳು ಕಾಗೆಗೆ ಹೋದವು. ಕಾಗೆಯಲ್ಲಿ ನನಗಿಂತ ಹೆಚ್ಚು ಕಥೆಯಿತ್ತು.

ಆಮೇಲೆ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಮೇಡಂ ಮೆಲ್ಲಗೆ ಅಂದರು: ‘ಓದಿದ್ದು ಚೆನ್ನಾಗಿತ್ತು ಸಾರ್. ಪುಸ್ತಕ ಪೂರ್ತಿ ಮುಚ್ಚಿಬಿಟ್ರಿ, ಅಷ್ಟೇ.’

ನನ್ನ ಬೆರಳು ನೋಡಿಕೊಂಡೆ. ಹೌದು, ಹೊರಗೇ ಇತ್ತು.

ಆ ಕೋಣೆಯ ಪುಸ್ತಕದ ಮೂಲೆಯ ಬಗ್ಗೆ ಒಂದು ಮಾತು. ಕಪಾಟಿಲ್ಲ. ಗೋಡೆಯಿಂದ ಗೋಡೆಗೆ ಬಿಗಿದ ನೈಲಾನ್ ಹಗ್ಗದ ಮೇಲೆ ಪುಸ್ತಕಗಳನ್ನು ಬಟ್ಟೆ ಒಣಹಾಕಿದಂತೆ ನಡುಪುಟದಿಂದ ಬಾಗಿಸಿ ನೇತುಹಾಕಿದ್ದಾರೆ. ರಾಜರತ್ನಂ ಅವರ ಪದ್ಯಗಳಿವೆ, ಪಂಜೆಯವರ ಕಥೆಗಳಿವೆ, ರಾಷ್ಟ್ರೋತ್ಥಾನದ ಭಾರತ-ಭಾರತಿಯ ಪುಟ್ಟ ಪುಸ್ತಕಗಳಿವೆ, ಪ್ರಥಮ್ ಬುಕ್ಸ್‌ನ ಬಣ್ಣ ಬಣ್ಣದ ಹಾಳೆಗಳಿವೆ. ಮಕ್ಕಳು ಅತಿ ಹೆಚ್ಚು ಓದಿದ ಪುಸ್ತಕ ಯಾವುದೆಂದು ಕೇಳಬೇಕಿಲ್ಲ, ಮುಟ್ಟಿದರೆ ಗೊತ್ತಾಗುತ್ತದೆ. ಹೊಸ ಪುಸ್ತಕದ ಹಾಳೆ ಗರಿಗರಿ. ಓದಿದ ಪುಸ್ತಕದ ಹಾಳೆ ಹಳೆಯ ಹತ್ತಿ ಸೀರೆಯಂತೆ ಮೆತ್ತಗೆ, ಬೆಚ್ಚಗೆ. ಕಿಂದರಿಜೋಗಿಯ ಪ್ರತಿ ಅಲ್ಲಿ ಮೂರನೆಯದು. ಮೊದಲಿನ ಎರಡು ಓದಿ ಓದಿ ಹರಿದುಹೋದವು. ಹರಿದ ಹಾಳೆಗಳ ಇಲಿಗಳನ್ನು ಕತ್ತರಿಸಿ ಮಕ್ಕಳು ಚಪ್ಪರಕ್ಕೆ ಕಟ್ಟಿದ್ದಾರೆ.

ನಿಮ್ಮ ಊರಿನ ಶಾಲೆಗೆ ಪುಸ್ತಕ ಕೊಡುವ ಮನಸ್ಸಿದ್ದರೆ ಅಟ್ಟದಿಂದ ಇಳಿಸಿದ ಗೈಡುಗಳನ್ನು, ಹಳೆಯ ಪಠ್ಯಗಳನ್ನು ದಯವಿಟ್ಟು ಕೊಡಬೇಡಿ. ಅಕ್ಷರ ದಪ್ಪಗಿರುವ, ಹೊಲಿಗೆ ಗಟ್ಟಿಯಾಗಿರುವ, ನೀವೇ ಒಂದು ಸಲ ಓದಿ ನಕ್ಕ ಕಥೆಪುಸ್ತಕ ಕೊಡಿ. ಒಂದಲ್ಲ, ಅದರದೇ ಎರಡು ಪ್ರತಿ ಕೊಡಿ. ಕೊಟ್ಟು ಬರಬೇಡಿ, ಚಪ್ಪಲಿ ಹೊರಗೆ ಬಿಟ್ಟು ಹಿಂದಿನ ಸಾಲಿನಲ್ಲಿ ಒಂದು ಗಂಟೆ ಕೂತು ಕೇಳಿ. ಶನಿವಾರ ಶಾಲೆ ಬೆಳಿಗ್ಗೆ ಬೇಗ ಶುರುವಾಗುತ್ತದೆ, ಮೊದಲ ಬಸ್ಸಿಗೇ ಹೊರಡಿ.